ಯಾರ ಮನೆಯ ಅಕ್ಷರ

ಮಗಳನ್ನು ಚೈನೀಸ್ ಕ್ಲಾಸಿನಿಂದ ತೆಗೆದುಬಿಡೋಣ ಎಂದು ಸ್ಕೂಲಿನವರು ಹೇಳಿದ ದಿನ ನನಗೆ ಮೈಯೆಲ್ಲ ಉರಿದುಹೋಯಿತು. ಕೋಪ ನನಗೆ ಮೂಗಿನ ತುದಿಯಲ್ಲೇ. ಅದು ನನ್ನ ಗಂಡ ಶಿವಪ್ರಕಾಶರಿಗೂ ಗೊತ್ತು, ಅಪಾರ್ಟ್‌ಮೆಂಟಿನ ಅಕ್ಕಪಕ್ಕದವರಿಗೂ ಗೊತ್ತು. ಆದರೆ ಆವತ್ತಿನ ಕೋಪಕ್ಕೆ ಕಾರಣವಿತ್ತು.

ನಮ್ಮ ನಿಸರ್ಗಾ ಮೂರನೇ ಕ್ಲಾಸು. ಪರದೇಶಕ್ಕೆ ಬಂದು ನಾವು ನೆಲೆಸಿರುವ ಬೆರ್ರಿಯೆಸಾದಲ್ಲಿ ಅವಳು ಹೋಗುವ ಸ್ಕೂಲಿನಲ್ಲಿ ಅರ್ಧ ದಿನ ಪಾಠ ಚೈನೀಸಿನಲ್ಲೇ ನಡೆಯುತ್ತದೆ. ಡೇಕೇರಿನ ಚೀನೀ ಆಂಟಿಯಿಂದ ಕಲಿತ ಆ ಭಾಷೆಯನ್ನು ಅವಳು ಅರಳು ಹುರಿದಂತೆ ಮಾತಾಡುತ್ತಾಳೆ. ಗ್ರಾಸರಿ ಅಂಗಡಿಯಲ್ಲಿ ನನಗೆ ಸೊಪ್ಪು ಕೇಳಿ ಕೊಡಿಸುವವಳೇ ಅವಳು. ಓದು ಅಂದರೆ ಮಾತ್ರ ಬಾಯಿ ಕಟ್ಟಿಹೋಗುತ್ತಿತ್ತು. ನಿನ್ನೆ ಕಲಿತ ಅಕ್ಷರ ಇವತ್ತಿಗೆ ಹೊಸದು. ಮನೆಯಲ್ಲಿ ಚೈನೀಸ್ ಇಲ್ಲವಲ್ಲ, ಅದಕ್ಕೇ ಹೀಗೆ ಎಂದರು ಪ್ರಿನ್ಸಿಪಾಲರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಇವರು ನಮ್ಮ ಮನೆಯೇ ಡೊಂಕು ಅಂದರು.

ನಾನು ಬಿಡುತ್ತೇನೆಯೇ? ಬರ್ಕ್ಲಿಯಲ್ಲಿ ಮಕ್ಕಳ ಓದಿನ ತೊಂದರೆಗಳನ್ನು ನೋಡುವ ಡಾಕ್ಟರೊಬ್ಬರ ಹತ್ತಿರ ಕರೆದುಕೊಂಡು ಹೋದೆ. ಅವರು ಎರಡು ದಿನ ಪರೀಕ್ಷೆ ಮಾಡಿ ಡಿಸ್ಲೆಕ್ಸಿಯಾ ಎಂದರು. ಬುದ್ಧಿಗೆ ಏನೂ ಕೊರತೆಯಿಲ್ಲವಂತೆ. ಕಂಡ ಆಕಾರಕ್ಕೆ ಥಟ್ಟನೆ ಹೆಸರು ಹೇಳುವುದು, ಆ ಆಕಾರದೊಳಗಿನ ತುಂಡುಗಳನ್ನು ನೆನಪಿನಲ್ಲಿ ಹಿಡಿದುಕೊಳ್ಳುವುದು ಅವಳಿಗೆ ಕಷ್ಟ. ಚೈನೀಸಿನಲ್ಲಿ ಸಾವಿರಾರು ಅಕ್ಷರ. ನೋಡಲು ಒಂದೇ ಥರ ಇರುವವು ಎಷ್ಟೋ, ಉಚ್ಚಾರ ಒಂದೇ ಇರುವವು ಎಷ್ಟೋ. ಎಲ್ಲ ಅವಳ ತಲೆಯಲ್ಲಿ ಕಲೆಸಿಹೋಗುತ್ತಿದ್ದವು.

ನಿಸರ್ಗಾಗೆ ಮಾತ್ರ ತನ್ನ ಕ್ಲಾಸು ಬೇಕಿತ್ತು, ತನ್ನ ಗೆಳತಿಯರು ಬೇಕಿತ್ತು, ಶೆನ್ ಲಾವೋಶಿ ಬೇಕಿತ್ತು. ಲಾವೋಶಿ ಎಂದರೆ ಟೀಚರು. ಕ್ಲಾಸು ಬದಲಿಸುವ ವಿಷಯ ಗುರುವಾರದ ಮೀಟಿಂಗಿನಲ್ಲಿ ತೀರ್ಮಾನವಾಗುವುದಿತ್ತು. “ಅಮ್ಮಾ, ಡೋಂಟ್ ಲೆಟ್ ದೆಮ್ ಮೂವ್ ಮಿ” ಎಂದು ನನ್ನ ಸೆರಗಿಲ್ಲದ ಟೀ ಶರ್ಟನ್ನೇ ಹಿಡಿದುಕೊಂಡು ಅತ್ತಳು.

ಆಗ ನಮ್ಮ ಇಂಜಿನಿಯರ್ ಸಾಹೇಬರು, ಅಂದರೆ ನನ್ನ ಗಂಡ, ರಂಗಕ್ಕಿಳಿದರು. ಮಂಡ್ಯದಲ್ಲಿ ಮೇಷ್ಟ್ರು ಒಂದೊಂದು ಅಕ್ಷರವನ್ನೂ ನೂರು ಸಲ ತಿದ್ದಿಸಿದ್ದರಿಂದಲೇ ತಾವು ಇಲ್ಲಿಯವರೆಗೆ ಬಂದಿದ್ದು ಎಂಬ ನಂಬಿಕೆ ಅವರದು. ಮಗಳನ್ನೂ ತಿದ್ದಲು ಕೂರಿಸಿದರು. ಹತ್ತು ಸಲ ಬರೆಯುವಷ್ಟರಲ್ಲಿ ಅಕ್ಷರದ ಒಂದು ಗೀಟು ಕಳಚಿರುತ್ತಿತ್ತು, ಇನ್ನೂ ಹತ್ತು ಸಲಕ್ಕೆ ಅದು ಬೇರೆಯೇ ಅಕ್ಷರ. ತಪ್ಪನ್ನೇ ತಿದ್ದಿ ತಿದ್ದಿ ಗಟ್ಟಿ ಮಾಡುತ್ತಿದ್ದೀರಲ್ಲ ಮಾರಾಯರೇ ಎಂದು ಕೂಗಾಡಿ, ಹಾಳೆಗಳನ್ನೆಲ್ಲ ಕಸದ ಡಬ್ಬಿಗೆ ಹಾಕಿದೆ. ಆವತ್ತು ಅವರಿಗೆ ಊಟವನ್ನೂ ಬಡಿಸಲಿಲ್ಲ.

ಈ ಗಲಾಟೆಯ ನಡುವೆ ಅತ್ತೆ ಬೋರಮ್ಮ ಊರಿಂದ ಬಂದಿದ್ದರು. ಪಾರ್ಕಿನಲ್ಲಿ ಯಾರಾದರೂ ಕನ್ನಡ ಮಾತಾಡಿದ್ದು ಕಿವಿಗೆ ಬಿದ್ದರೆ ಸಾಕು, ತಡೆದು ನಿಲ್ಲಿಸಿ ಯಾವೂರು, ಯಾರ ಪೈಕಿ, ಅವ್ವನ ಕಡೆ ಯಾರು ಎಂದು ವಿಚಾರಿಸುತ್ತಿದ್ದರು. ನನಗೆ ನಾಚಿಕೆಯಾಗಿ, ಇಲ್ಲಿ ಹಾಗೆಲ್ಲ ಕೇಳಬಾರದು ಎಂದೆ. ಅವರು ನನ್ನನ್ನೇ ಗದರಿದರು. “ಯಾರ್ ಮನೆಯೋರು ಅಂತ ಗೊತ್ತಾಗ್ದೆ ಮನ್ಸನ್ನ ಹೆಂಗವ್ವ ಗುರ್ತಿಡಿಯದು?”

ಪಕ್ಕದಲ್ಲಿದ್ದ ನಿಸರ್ಗಾ ಅದನ್ನು ಕೇಳಿಸಿಕೊಂಡಳು. ಆ ಸಂಜೆ ಪಾಠದ ಪುಸ್ತಕ ತಂದು ಅಜ್ಜಿಯ ಪಕ್ಕ ಕೂತು, ಒಂದು ಅಕ್ಷರದ ಬಲಭಾಗವನ್ನು ಬೆರಳಿನಿಂದ ಮುಚ್ಚಿ, ಎಡಗಡೆ ಉಳಿದ ನೀರಿನ ಗುರುತನ್ನು ತೋರಿಸಿದಳು.

“ಅಜ್ಜಿ, ದಿಸ್ ಒನ್ ನೀರಿನ ಮನೆಯವ್ರು.”

ಅತ್ತೆ ಅವರೆಕಾಯಿ ಸುಲಿಯುತ್ತಲೇ, ಅವ್ವನ ಕಡೆ ಯಾರು ಎಂದರು. ಅವಳು ಬೆರಳನ್ನು ಆಚೆ ಸರಿಸಿ ಬಲಭಾಗ ನೋಡಿ, ಚಿಂಗ್ ಎಂದಳು. ನೀರಿನ ಮನೆಯ ಚಿಂಗ್ ಎಂದರೆ ತಿಳಿಯಾದದ್ದು. ಸೂರ್ಯನ ಮನೆಯ ಚಿಂಗ್ ಎಂದರೆ ಮೋಡವಿಲ್ಲದ ಆಕಾಶ. ಮಾತಿನ ಮನೆಯದು ದಯವಿಟ್ಟು ಎನ್ನುವ ಪದ. ಎಲ್ಲರೂ ಒಬ್ಬಳೇ ತಾಯಿಯ ಹೆಣ್ಣುಮಕ್ಕಳು, ಬೇರೆ ಬೇರೆ ಮನೆ ಸೇರಿದವರು. ಎಡಗಡೆ ಅರ್ಥ, ಬಲಗಡೆ ಉಚ್ಚಾರ ಎಂದು ಲಾವೋಶಿ ಕ್ಲಾಸಿನಲ್ಲಿ ಹೇಳಿಯೇ ಇದ್ದರಂತೆ, ತಲೆಗೆ ಇಳಿದಿರಲಿಲ್ಲ. ಈಗ ಅಜ್ಜಿ ಮೊಮ್ಮಗಳು ಸೇರಿ ಇಡೀ ಪುಸ್ತಕದ ಕುಲಗೋತ್ರ ಜಾಲಾಡಿದರು. ಅತ್ತೆಗೆ ಒಂದಕ್ಷರವೂ ತಿಳಿಯದು, ಸಂಬಂಧ ಹುಡುಕುವ ಚಪಲ ಅಷ್ಟೇ.

ಗುರುವಾರ ಬಂತು. ಇಂಗ್ಲಿಷ್ ಕ್ಲಾಸಿಗೆ ಹೋದರೆ ಮಗುವಿಗೇ ಒಳ್ಳೆಯದು ಎಂದು ಪ್ರಿನ್ಸಿಪಾಲರು ನಯವಾಗಿ ಶುರು ಮಾಡಿದರು. ನನ್ನ ನಾಲಿಗೆ ತುರಿಸತೊಡಗಿದಾಗ ಶಿವಪ್ರಕಾಶ್ ಮೇಜಿನ ಕೆಳಗೆ ನನ್ನ ಕಾಲು ತುಳಿದರು. ಅಷ್ಟರಲ್ಲಿ ನಮ್ಮ ಜೊತೆ ಬಂದಿದ್ದ ನಿಸರ್ಗಾ, ತಾನು ಓದಿ ತೋರಿಸುತ್ತೇನೆ ಎಂದಳು. ಶೆನ್ ಲಾವೋಶಿ ಅವಳು ಹಿಂದೆಂದೂ ನೋಡಿರದ ಕಥೆಪುಸ್ತಕವೊಂದನ್ನು ತೆರೆದು ಮುಂದಿಟ್ಟರು.

ಅವಳು ಓದತೊಡಗಿದಳು. ಎಷ್ಟು ನಿಧಾನವೆಂದರೆ ನನ್ನ ಪ್ರಾಣ ಬಾಯಿಗೆ ಬಂದಿತ್ತು. ಅಕ್ಷರದ ಅರ್ಧ ಮುಚ್ಚುವಳು, ತೆರೆಯುವಳು, ಯಾರ ಮನೆ, ಯಾರ ಮನೆ ಎಂದು ಕನ್ನಡದಲ್ಲೇ ಗುನುಗುವಳು. ಒಂದು ಸಾಲಿನ ನಡುವೆ ನಿಂತೇಬಿಟ್ಟಳು. ಅದು ಕ್ಲಾಸಿನಲ್ಲಿ ಯಾರಿಗೂ ಕಲಿಸಿರದ ಪದವೆಂದು ಲಾವೋಶಿ ಹೇಳಿ, ಬಿಟ್ಟು ಮುಂದೆ ಹೋಗು ಎಂದರು. ಇವಳು ಬಿಡಲಿಲ್ಲ.

“ಹುಳದ ಮನೆ,” ಎಂದಳು ಮೆಲ್ಲಗೆ. “ತಾಯಿ ಚಿಂಗ್. ನೆಕ್ಸ್ಟ್ ಒನ್ ಕೂಡ ಹುಳದ ಮನೆ. ತಾಯಿ ಥಿಂಗ್.” ಎರಡನ್ನೂ ಬೆರಳಿನಿಂದ ಕೂಡಿಸಿ ತಲೆಯೆತ್ತಿದಳು. “ಚಿಂಗ್‌ಥಿಂಗ್!”

ಲಾವೋಶಿ ಕುರ್ಚಿಯಿಂದ ಎದ್ದು ನಿಂತು ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು. ಚಿಂಗ್‌ಥಿಂಗ್ ಎಂದರೆ ನಮ್ಮ ಏರೋಪ್ಲೇನ್ ಚಿಟ್ಟೆ. ಆ ಹೆಸರು ಮಾತಿನಲ್ಲಿ ಅವಳಿಗೆ ಯಾವಾಗಲೋ ಗೊತ್ತಿತ್ತು, ಅಚ್ಚಿನಲ್ಲಿ ಕಂಡದ್ದು ಇದೇ ಮೊದಲು. ಯಾರೂ ಕಲಿಸದ ಪದವನ್ನು ನನ್ನ ಮಗಳು ತಾನಾಗಿಯೇ ಓದಿದ್ದಳು. ಶಿವಪ್ರಕಾಶ್ ಕನ್ನಡಕ ತೆಗೆದು ಒರೆಸಿಕೊಂಡರು.

ಲಾವೋಶಿ ಪ್ರಿನ್ಸಿಪಾಲರ ಕಡೆ ತಿರುಗಿ, ಈ ಹುಡುಗಿ ನನ್ನ ಕ್ಲಾಸಿನಲ್ಲೇ ಇರುತ್ತಾಳೆ, ಪರೀಕ್ಷೆಗೆ ಹೆಚ್ಚು ಹೊತ್ತು ಕೊಡೋಣ ಎಂದರು. ಪ್ರಿನ್ಸಿಪಾಲರು ತಲೆಯಾಡಿಸಿ ಒಪ್ಪಿದರು. ಸಾಕು ಮಗೂ, ನೀನು ಇಲ್ಲೇ ಇರುತ್ತೀಯ ಎಂದು ಪುಸ್ತಕ ಮುಚ್ಚಲು ಕೈ ಚಾಚಿದರು.

ನಿಸರ್ಗಾ ಪುಸ್ತಕವನ್ನು ಅಂಗೈಯಿಂದ ಅದುಮಿ ಹಿಡಿದಳು.

“ಪೇಜ್ ಇನ್ನೂ ಮುಗ್ದಿಲ್ಲ,” ಎಂದಳು.

ಅವಳು ಮುಗಿಸುವವರೆಗೂ ನಾವೆಲ್ಲ ಕೂತು ಕೇಳಿದೆವು.