ಪೇಟೆ ಫೀಡರೂ ಮಮತಾಳ ಕೋಟೆಯೂ

ವಿಡಿಯೊ ಗೇಮು ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಮಾನಿಸಲು ಹನುಮೇಶನ ಹತ್ತಿರ ಒಂದೇ ಅಳತೆಗೋಲಿತ್ತು. ನಡುವೆ ಕರೆಂಟು ಹೋದರೆ ಎಷ್ಟು ನಷ್ಟ? ಚಿತ್ರ ಎಷ್ಟು ಚೆಂದ, ಕತ್ತಿ ಹೇಗೆ ಹೊಳೆಯುತ್ತದೆ, ಕಥೆ ಏನು ಎಂಬುದೆಲ್ಲ ಆಮೇಲಿನ ಮಾತು. ಅಲ್ಲಿಯವರೆಗೆ ಆಡಿದ್ದನ್ನು ಮೆಮೊರಿ ಕಾರ್ಡಿಗೆ ಸೇವ್ ಮಾಡಿಕೊಳ್ಳಲು ಎಲ್ಲೆಲ್ಲಿ ಜಾಗ ಕೊಟ್ಟಿದ್ದಾರೆ ಎಂಬುದನ್ನು ಅವನು ಮೊದಲು ನೋಡುತ್ತಿದ್ದ. ಹತ್ತಿರ ಹತ್ತಿರ ಕೊಟ್ಟಿದ್ದರೆ ಆ ಗೇಮು ಮಾಡಿದವನು ಮಕ್ಕಳೊಂದಿಗ, ಕಷ್ಟಸುಖ ಬಲ್ಲವನು. ದೂರ ದೂರ ಕೊಟ್ಟಿದ್ದರೆ ಲೋಡ್ ಶೆಡ್ಡಿಂಗ್ ಎಂಬ ಪದವನ್ನೇ ಕೇಳದ ಊರಿನಲ್ಲಿ ಹುಟ್ಟಿದವನು.

"ಈ ಜಪಾನಿನವ್ರನ್ನ ಕರ್ಕೊಂಡ್ಬಂದು ಒಂದು ಬೇಸಿಗೆ ಹೊಸದುರ್ಗದಾಗೆ ಇಡಬೇಕು ಕಣಣ್ಣ" ಎಂದು ಅವನು ಲೈನ್‌ಮನ್ ಮುರುಗಪ್ಪನಿಗೆ ಹೇಳುತ್ತಿದ್ದ. "ಆಮೇಲೆ ಈಗ ಗೇಮ್ ಮಾಡ್ರಪ್ಪ ಅನ್ನಬೇಕು. ಬಾಗಿಲಿಗೊಂದು, ಕಿಟಕಿಗೊಂದು ಸೇವ್ ಕೊಡ್ತಾರೆ."

ಮುರುಗಪ್ಪ ನಗುತ್ತಿದ್ದ. "ಕರೆಂಟ್ ತೆಗೆಯೋನೂ ನೀನೇ, ಬೈಯೋನೂ ನೀನೇ. ನಿನ್ನಂಥೋನ್ನ ನಾನು ಕಂಡಿಲ್ಲ ಬಿಡು."

ಅದು ನಿಜವೇ. ಹನುಮೇಶ ಊರಾಚೆಯ ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್. ಯಾವ ಹೊತ್ತಿಗೆ ಯಾವ ಕಡೆಗೆ ಕರೆಂಟು ಎಂಬ ಪಟ್ಟಿ ಮೇಲಿನಿಂದ ಬರುತ್ತಿತ್ತು. ಅದರಂತೆ ಒಂದು ಫೀಡರಿನ, ಅಂದರೆ ಒಂದು ಕಡೆಗೆ ಹೋಗುವ ಲೈನಿನ, ಸ್ವಿಚ್ಚು ತೆಗೆದು ಇನ್ನೊಂದರದ್ದು ಹಾಕುವುದು ಅವನ ಕೆಲಸ. ಪೇಟೆಗೆ ಕತ್ತಲಾದಾಗ ಹಳ್ಳಿಯ ಪಂಪ್‌ಸೆಟ್ಟು ತಿರುಗುತ್ತಿತ್ತು. ಹಳ್ಳಿಯ ಪಂಪು ನಿಂತಾಗ ಪೇಟೆಯ ಮಿಕ್ಸಿ ತಿರುಗುತ್ತಿತ್ತು.

ಆ ವರ್ಷ, ಅಂದರೆ ಎರಡು ಸಾವಿರದ ಮೂರರಲ್ಲಿ, ಅವನ ಮನೆಗೆ ಪ್ಲೇಸ್ಟೇಷನ್ ಬಂದಿತ್ತು. ಚಿತ್ರದುರ್ಗದ ಬಸ್ ಸ್ಟ್ಯಾಂಡ್ ಹತ್ತಿರ ಗಂಟೆ ಲೆಕ್ಕದಲ್ಲಿ ಗೇಮ್ ಆಡಿಸುತ್ತಿದ್ದ ಅಂಗಡಿಯೊಂದು ಹೊಸ ಮಾದರಿಯ ಮೆಷೀನು ತರಿಸಿದಾಗ ಹಳೆಯದನ್ನು ಅಗ್ಗಕ್ಕೆ ಕೊಟ್ಟಿತು. ಹನುಮೇಶ ಅದನ್ನು ಟವೆಲ್ಲಿನಲ್ಲಿ ಸುತ್ತಿ ಎಳೆಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದಿದ್ದ. ಜೊತೆಗೆ ಒಂದಿಷ್ಟು ಸೀಡಿ. ಅವುಗಳ ಬಗ್ಗೆಯೂ ಅವನಿಗೆ ಅಭಿಪ್ರಾಯಗಳಿದ್ದವು. ಕ್ರಿಕೆಟ್ಟಿನ ಗೇಮಿನವರು ವರ್ಷ ವರ್ಷ ಅಂಗಿಯ ಬಣ್ಣ ಬದಲಾಯಿಸಿ ಹೊಸದು ಎಂದು ಮಾರುತ್ತಾರೆ, ಆದರೆ ಅಂಪೈರಿಗೆ ಮಾತ್ರ ಇನ್ನೂ ಕಣ್ಣು ಬಂದಿಲ್ಲ. ಕಾರಿನ ಗೇಮಿನವರು ಗೋಡೆಗೆ ಗುದ್ದಿದರೂ ಗಾಜು ಒಡೆಯದ ಕಾರು ಕೊಡುತ್ತಾರೆ, ಅದರಲ್ಲಿ ಭಯವೂ ಇಲ್ಲ ಮಜವೂ ಇಲ್ಲ. ಅಸಲಿ ಸೀಡಿಗೆ ಕೈಗೆಟಕುವ ಬೆಲೆ ಇಟ್ಟರೆ ನಕಲಿಯನ್ನು ಯಾರೂ ಮೂಸಿ ನೋಡುವುದಿಲ್ಲ. ಇಷ್ಟು ದೊಡ್ಡ ಕಂಪನಿಗಳಿಗೆ ಇಷ್ಟು ಸಣ್ಣ ವ್ಯಾಪಾರ ತಿಳಿಯದಲ್ಲ ಎಂದು ಅವನಿಗೆ ಮರುಕವೇ ಆಗುತ್ತಿತ್ತು.

ಅವನ ಹೆಂಡತಿ ಮಮತಾ ಬಾಗೂರಿನವಳು. ಪಿಯುಸಿಯನ್ನು ಚಿತ್ರದುರ್ಗದಲ್ಲಿ ಚಿಕ್ಕಮ್ಮ ಚಂದ್ರಕ್ಕನ ಮನೆಯಲ್ಲಿದ್ದು ಓದಿದ್ದಳು. ಮೊದಮೊದಲು ಈ ಮೆಷೀನನ್ನು ಗಂಡನ ಇನ್ನೊಂದು ಹುಚ್ಚು ಎಂದುಕೊಂಡು ಪಕ್ಕದಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ಒಂದು ಸಂಜೆ ಹನುಮೇಶನ ಭರ್ಜಿ ಹಿಡಿದ ವೀರ ಒಂದು ಕೋಟೆಯ ಗೋಡೆಗೆ ಮತ್ತೆ ಮತ್ತೆ ಹಣೆ ಚಚ್ಚಿಕೊಳ್ಳುವುದನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ.

"ಅಯ್ಯೋ ದೇವ್ರೆ, ಕೋಟೆಗೆ ಎದುರಿಗೇ ಬಾಗಿಲು ಇರ್ತೈತೇನ್ರಿ? ಪಕ್ಕಕ್ಕೆ ತಿರುವಿ ನೋಡ್ರಿ. ಆ ರಿಮೋಟು ತರ್ರಿ ಇಲ್ಲಿ."

ತಿರುವಿನಲ್ಲೇ ಬಾಗಿಲಿತ್ತು. ಭಾನುವಾರ ಭಾನುವಾರ ದುರ್ಗದ ಕೋಟೆ ಹತ್ತಿ ಬೆಳೆದ ಕಾಲುಗಳ ಬುದ್ಧಿ ಅದು. ಅಂದಿನಿಂದ ಅವರೆಕಾಯಿ ಹನುಮೇಶನ ಮಡಿಲಿಗೆ ಬಂತು.

ಆ ಗೇಮಿನಲ್ಲಿ ನೀರಿನಲ್ಲಿ ಮುಳುಗಿದ ಒಂದು ಕೋಟೆ. ತಳದಿಂದ ಹತ್ತುತ್ತ ಹೋಗಿ ನೆತ್ತಿಯ ಮೇಲಿರುವ ರಕ್ಕಸನನ್ನು ಸೋಲಿಸಬೇಕು. ಅಲ್ಲಲ್ಲಿ ಗೋಡೆಯಲ್ಲಿ ದೀಪದ ಗೂಡುಗಳು. ಗೂಡಿನ ಮುಂದೆ ನಿಂತು ದೀಪ ಹಚ್ಚಿದರೆ ಆಟ ಸೇವ್ ಆಗುತ್ತಿತ್ತು. ಹಚ್ಚದೆ ಮುಂದೆ ಹೋಗಿ ಸತ್ತರೆ, ಇಲ್ಲವೇ ಕರೆಂಟು ಹೋದರೆ, ಮತ್ತೆ ಹಿಂದಿನ ದೀಪದಿಂದಲೇ ಶುರು. ಮೇಲೆ ಹೋದಷ್ಟೂ ದೀಪಗಳು ವಿರಳ. ಹನುಮೇಶನಿಗೆ ಅದು ಮೋಸ. ಮಮತಾಳಿಗೆ ಅದೇ ರುಚಿ.

"ಗೂಡು ದೂರ ಇದ್ರೇನೆ ಎದೆ ಹೊಡ್ಕಳದು" ಎನ್ನುತ್ತಿದ್ದಳು. "ನೀವು ಹೇಳಿದಂಗೆ ಮೆಟ್ಲಿಗೊಂದು ದೀಪ ಇಟ್ರೆ ಅದು ಕೋಟೆ ಅಲ್ಲ, ಕಾರ್ತಿಕ."

ಹನುಮೇಶನ ಡ್ಯೂಟಿ ಪಾಳಿಯ ಮೇಲೆ ಬದಲಾಗುತ್ತಿದ್ದುದರಿಂದ ಇಬ್ಬರೂ ಒಂದೇ ಆಟವನ್ನು ಸರದಿಯಲ್ಲಿ ಆಡುತ್ತಿದ್ದರು. ಅವನು ಮನೆಗೆ ಬಂದಾಗ ಅವಳು ಎಲ್ಲಿಗೆ ತಂದು ನಿಲ್ಲಿಸಿದ್ದಾಳೆ, ಯಾವ ಕಡೆ ಯಾರು ಅಡಗಿದ್ದಾರೆ, ಎಲ್ಲವನ್ನೂ ಒಪ್ಪಿಸಬೇಕು. ಸಬ್‌ಸ್ಟೇಷನ್ನಿನಲ್ಲಿ ಪಾಳಿ ಬದಲಾಗುವಾಗ ಆಪರೇಟರುಗಳು ಒಬ್ಬರಿಗೊಬ್ಬರು ಚಾರ್ಜು ಒಪ್ಪಿಸುವ ಹಾಗೆ. ಹೊಸ ಮದುವೆಯ ಮನೆಗಳಲ್ಲಿ ಗಂಡಹೆಂಡಿರಿಗೆ ಮಾತಾಡಲು ವಿಷಯ ಬೇಕಾಗುತ್ತದೆ. ಇವರಿಗೆ ಆ ಕೊರತೆ ಇರಲಿಲ್ಲ. ಆದರೆ ನೆತ್ತಿಗೆ ಹೋಗುವ ದಾರಿಯಲ್ಲಿ ನೀರಿನ ಬಾಗಿಲು ಎಂಬುದೊಂದಿತ್ತು. ಒಂದು ತಿಂಗಳಿನಿಂದ ಇಬ್ಬರಿಗೂ ಅದನ್ನು ದಾಟಲಾಗಿರಲಿಲ್ಲ. ಊಟಕ್ಕೆ ಕುಳಿತಾಗಲೂ ಅದೇ ಮಾತು, ಸಂತೆಗೆ ಹೋಗುವಾಗಲೂ ಅದೇ ಮಾತು.

ಹೀಗಿರುವಾಗ ಒಂದು ಸಂಜೆ, ಸಬ್‌ಸ್ಟೇಷನ್ನಿನ ಫೋನು ಬಡಿದುಕೊಂಡಿತು. ಗಡಿಯಾರದಲ್ಲಿ ಆರಕ್ಕೆ ಇನ್ನೂ ಕಾಲು ಗಂಟೆಯಿತ್ತು. ಆರಕ್ಕೆ ಪೇಟೆ ಫೀಡರು ತೆಗೆದು ಬಾಗೂರಿನ ಕಡೆಗೆ ಪಂಪ್‌ಸೆಟ್ಟಿಗೆ ಬೇಕಾದ ಮೂರು ಫೇಸು ಕೊಡಬೇಕಿತ್ತು.

"ರೀ, ದಾಟಿಬಿಟ್ಟೆ!" ಮಮತಾಳ ದನಿ ಏದುಸಿರಿನಲ್ಲಿತ್ತು.

"ಏನು ದಾಟಿದೆ? ಎಲ್ಲಿದ್ದೀಯ?"

"ನೀರಿನ ಬಾಗಿಲು ಕಣ್ರಿ! ಉಂಡು ಕುಂತೋಳು ಎದ್ದಿಲ್ಲ. ಹೆಂಗೆ ದಾಟಿದ್ನೋ ನಂಗೇ ಗೊತ್ತಿಲ್ಲ. ಈಗ ನೆತ್ತಿ ಮೇಲೆ ರಕ್ಕಸನ ಬಾಗಿಲ ಮುಂದೆ ನಿಂತೀನಿ."

ಹನುಮೇಶ ಕುರ್ಚಿಯಿಂದ ಎದ್ದುಬಿಟ್ಟ. "ದೀಪ ಹಚ್ಚಿದ್ಯಾ?"

"ಅದೇ ಅಲ್ವಾ! ಇಲ್ಲಿ ದೀಪಾನೇ ಇಲ್ಲ. ಕೆಳಗೆ, ನೀರಿನ ಬಾಗಿಲು ದಾಟಿದ ಕೂಡ್ಲೆ ಒಂದು ಐತೆ. ಬರೋವಾಗ ಹಚ್ಚಲಿಲ್ಲ, ಓಡಿ ಬಂದೆ. ಹಿಂದಕ್ಕೆ ಇಳೀಬೇಕಂದ್ರೆ ಹೊಡೆದುಹಾಕಿದ ಸೈನಿಕರೆಲ್ಲ ಮತ್ತೆ ಎದ್ದು ನಿಂತವ್ರೆ. ಅದಕ್ಕಿಂತ ಒಳಗೆ ನುಗ್ಗಿ ಅವನನ್ನೇ ಮುಗಿಸ್ತೀನಿ. ಐದು ನಿಮಿಷ ಆಚೀಚೆ ಆದ್ರೂ ಆಗಬಹುದು. ಆರು ಗಂಟೆಗೇ ತೆಗೀಬ್ಯಾಡ್ರಿ, ಅಷ್ಟೇ."

ಹನುಮೇಶ ಪ್ಯಾನೆಲ್ಲಿನ ಕಡೆ ನೋಡಿದ. ಪೇಟೆ ಫೀಡರಿನಲ್ಲಿ ಕರೆಂಟಿದೆ ಎನ್ನುವ ಕೆಂಪು ದೀಪ ಉರಿಯುತ್ತಿತ್ತು. ಐದು ನಿಮಿಷ ತಡವಾದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಮೇಲಿನವರು ಕೇಳಿದರೆ ಸ್ವಿಚ್ಚು ಜಾಮಾಗಿತ್ತು ಎನ್ನಬಹುದು. ಹೂಂ ಎನ್ನಲು ಬಾಯಿ ತೆರೆದೂ ಇದ್ದ. ಆದರೆ ಫೀಡರಿಗೆ ಹನುಮೇಶನ ಮನೆ ಯಾವುದು, ಪರರ ಮನೆ ಯಾವುದು ಎಂದು ಗೊತ್ತಿಲ್ಲವಲ್ಲ. ತನ್ನ ಮನೆಗೆ ಬಿಟ್ಟರೆ ಇಡೀ ಪೇಟೆಗೆ ಬಿಟ್ಟಂತೆ. ಪೇಟೆಗೆ ಬಿಟ್ಟಷ್ಟೂ ಹೊತ್ತು ಅತ್ತ ಹೊಲದಲ್ಲಿ ಜನ ಕೈಕಟ್ಟಿ ನಿಲ್ಲಬೇಕು.

"ಆಗಲ್ಲ ಮಮತಾ. ಆರಕ್ಕೆ ತೆಗೀತೀನಿ."

"ಐದೇ ನಿಮಿಷ ರೀ."

"ಒಂದು ನಿಮಿಷಾನೂ ಇಲ್ಲ ಕಣೆ. ಆರಂದ್ರೆ ಆರೇ."

ಆ ಕಡೆ ಫೋನು ಇಟ್ಟ ಸದ್ದು ಕೇಳಿತು.

ಇಷ್ಟನ್ನೂ ಕೇಳುತ್ತ ಬಾಗಿಲಿಗೆ ಒರಗಿ ನಿಂತಿದ್ದ ಮುರುಗಪ್ಪ ನಾಲಿಗೆ ಲೊಚಗುಟ್ಟಿದ. "ಲೇ, ಹೆಂಡ್ತಿ ಬಾಯಿಬಿಟ್ಟು ಕೇಳವ್ಳೆ. ಸೀರೆ ಕೇಳಿಲ್ಲ, ಬಂಗಾರ ಕೇಳಿಲ್ಲ. ಐದು ನಿಮಿಷ ಕೇಳವ್ಳೆ. ಕೊಡಬಾರ್ದೇನಪ್ಪ?"

"ನಂದಾಗಿದ್ರೆ ಕೊಡ್ತಿದ್ದೆ ಅಣ್ಣ."

"ರಾತ್ರಿ ಊಟ ಎಲ್ಲಿ ಮತ್ತೆ? ನಮ್ಮನೆಗೆ ಬಂದ್ಬಿಡು."

ಅಷ್ಟರಲ್ಲಿ ಫೋನು ಮತ್ತೆ ಬಡಿದುಕೊಂಡಿತು. ಮಮತಾಳೇ ಇರಬೇಕು ಎಂದು ಹನುಮೇಶ ಹಾರಿ ಎತ್ತಿಕೊಂಡ. ಮಾತಾಡಿದವನು ಬಾಗೂರಿನಿಂದ ಮಾವ ಮಾರಣ್ಣ.

"ಅಳಿಯಂದ್ರೇ, ಆರಕ್ಕೆ ಲೈನು ಕೊಡ್ತೀರಲ್ಲ? ಈರುಳ್ಳಿಗೆ ನೀರು ಕಟ್ಟೋಕೆ ಆಳುಗಳು ಕಾಲುವೆ ಮಡವೆ ಮುರ್ದು ನಿಂತವ್ರೆ."

"ಕೊಡ್ತೀನಿ ಮಾವ, ಆರಕ್ಕೇ ಕೊಡ್ತೀನಿ."

"ಒಳ್ಳೇದಾಯ್ತು. ಮಗಳು ಹೆಂಗವ್ಳೆ? ಮನೇಗೆ ಫೋನ್ ಮಾಡಿದ್ರೆ ಎತ್ತಲೇ ಇಲ್ಲ."

"ಕೋಟೆ ಒಳಗವ್ಳೆ ಮಾವ" ಎಂದುಬಿಟ್ಟ ಹನುಮೇಶ. ಆಮೇಲೆ ಎಚ್ಚೆತ್ತು, "ಚೆನ್ನಾಗವ್ಳೆ. ಕೆಲಸದಾಗವ್ಳೆ" ಎಂದು ಸರಿಪಡಿಸಿದ.

ಮಾರಣ್ಣನಿಗೆ ಏನು ಅರ್ಥವಾಯಿತೋ, "ಆಗ್ಲಿ ಆಗ್ಲಿ" ಎಂದು ಇಟ್ಟ.

ಉಳಿದ ಹೊತ್ತು ಹನುಮೇಶ ಗಡಿಯಾರದ ಕೆಳಗೇ ನಿಂತಿದ್ದ. ಅವಳೀಗ ರಕ್ಕಸನ ಮುಂದೆ ನಿಂತಿರಬಹುದು. ಪರದೆಯ ಮೇಲೆ ಅವನ ರಕ್ತದ ಗೆರೆ ಅರ್ಧಕ್ಕೆ ಇಳಿದಿರಬಹುದು. ಗೆದ್ದೇಬಿಡುತ್ತಾಳೇನೋ. ಮುಳ್ಳು ನೆಟ್ಟಗಾಯಿತು. ಹನುಮೇಶ ಪೇಟೆಯ ಸ್ವಿಚ್ಚು ತೆಗೆದ, ಬಾಗೂರಿನದ್ದು ಹಾಕಿದ. ಕಿಟಕಿಯಾಚೆ ಹೊಸದುರ್ಗ ಒಂದೇ ಉಸಿರಿಗೆ ಮಂಕಾಯಿತು. ಅಷ್ಟು ಮನೆಗಳಲ್ಲಿ ಒಂದು ಮನೆಯ ಟೀವಿ ಆರಿದ್ದು ಮಾತ್ರ ಅವನ ಎದೆಗೆ ಬಂದು ತಾಗಿತು. ನಂತರ ಪುಸ್ತಕದಲ್ಲಿ ವೇಳೆ ಬರೆಯುತ್ತ ಕೋಟೆ ಮಾಡಿದವನನ್ನು ಹೊಟ್ಟೆತುಂಬ ಬೈದುಕೊಂಡ. ರಕ್ಕಸನ ಬಾಗಿಲಲ್ಲಿ ಒಂದು ದೀಪ ಇಟ್ಟಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಎಂಟಕ್ಕೆ ಪಾಳಿ ಮುಗಿಯಿತು. ಪೇಟೆಗೆ ಕರೆಂಟು ಬರುವ ಹೊತ್ತಿಗೆ ಅವನು ಮಂಡಕ್ಕಿ ಅಂಗಡಿಯ ಮುಂದೆ ನಿಂತಿದ್ದ. ಮೆಣಸಿನಕಾಯಿ ಬಜ್ಜಿ ಬಾಣಲೆಯಿಂದ ಆಗಷ್ಟೇ ಇಳಿದಿತ್ತು. ಮಂಡಕ್ಕಿ, ಬಜ್ಜಿ ಸೇರಿಸಿ ಎಂದಿಗಿಂತ ದೊಡ್ಡ ಪೊಟ್ಟಣವನ್ನೇ ಕಟ್ಟಿಸಿದ. ಮನೆಯ ಮುಂದೆ ಸೈಕಲ್ಲು ನಿಲ್ಲಿಸಿ ಸ್ವಲ್ಪ ಹೊತ್ತು ಕಿವಿಗೊಟ್ಟ. ಟೀವಿಯ ಸದ್ದಿಲ್ಲ. ಪಾತ್ರೆಯ ಸದ್ದೂ ಇಲ್ಲ. ಇದು ಒಳ್ಳೆಯ ಲಕ್ಷಣವಲ್ಲ ಎಂದುಕೊಂಡು ಒಳಗೆ ಹೋದ.

ಮಮತಾ ಚಾಪೆಯ ಮೇಲೆ ಕಾಲು ಚಾಚಿ ಕುಳಿತು ಬೆರಳು ನೀವಿಕೊಳ್ಳುತ್ತಿದ್ದಳು. ಪೊಟ್ಟಣವನ್ನು ನೋಡಿದಳು. ಅವನ ಮುಖ ನೋಡಿದಳು.

"ಲಂಚನಾ?"

"ಊಂ."

"ಇಡ್ರಿ ಇಲ್ಲಿ."

ಅವನು ಇಟ್ಟ. ಅವಳು ಒಂದು ಬಜ್ಜಿ ಮುರಿದು ಬಾಯಿಗೆ ಹಾಕಿಕೊಂಡಳು. ಕೇಳದೆ ಇರಲು ಅವನಿಂದಾಗಲಿಲ್ಲ. "ರಕ್ಕಸನ ರಕ್ತ ಎಲ್ಲೀಗಂಟ ಇಳಿಸಿದ್ದೆ?"

"ಅವನ ಮುಖಾನೇ ನೋಡಿಲ್ಲ."

"ಮತ್ತೆ?"

"ಚಾರ್ಜ್ ತಗಳ್ರಿ, ಹೇಳ್ತೀನಿ. ವೀರ ನೀರಿನ ಬಾಗಿಲಿನ ಮೇಲಿನ ಗೂಡಿನ ಮುಂದವ್ನೆ. ಭರ್ಜಿ ಐತೆ, ಔಷಧಿ ಖಾಲಿ. ದೀಪ ಹಚ್ಚಿ ಆಗೈತೆ."

ಹನುಮೇಶ ನಿಂತಲ್ಲೇ ಕುಕ್ಕರಿಸಿದ. "ಕೆಳಗೆ ಇಳಿದ್ಯಾ? ಅಷ್ಟೂ ಸೈನಿಕರನ್ನ ದಾಟಿ?"

"ಇಳೀದೆ ಇನ್ನೇನು? ಫೋನ್ ಇಟ್ಟ ತಕ್ಷಣ ತಿರುಗಿ ಓಡಿದೆ. ಯಾರನ್ನೂ ಹೊಡೆಯೋಕೆ ನಿಲ್ಲಲಿಲ್ಲ, ಬೆನ್ನಿಗೆ ತಿಂದ್ಕೊಂಡೇ ಓಡಿದೆ. ದೀಪ ಹಚ್ಚಿದೆ, ಕಾರ್ಡಿಗೆ ಬರ್ಕಂಡಿತು ಅಂತ ತೋರಿಸ್ತು. ಮೂಗು ಒರೆಸ್ಕೊಂಡೆ. ಅಷ್ಟರಾಗೆ ನೀವು ತೆಗೆದ್ರಿ."

"ನಿಂಗೆ ಸಿಟ್ಟು ಬಂತು ಅಂದ್ಕೊಂಡೆ ಕಣೆ."

"ಬಂತು. ಬರದೆ ಇರ್ತೈತಾ?" ಅವಳು ಇನ್ನೊಂದು ಬಜ್ಜಿ ಎತ್ತಿಕೊಂಡಳು. "ಆದ್ರೆ ಸಿಟ್ಟು ಮಾಡ್ಕಳಾಕೆ ಟೈಮೆಲ್ಲಿತ್ತು? ನೀವೇನಾದ್ರೂ 'ನೋಡ್ತೀನಿ, ಪ್ರಯತ್ನ ಮಾಡ್ತೀನಿ' ಅಂದಿದ್ರೆ ಅದನ್ನೇ ನಂಬ್ಕಂಡು ಒಳಗೆ ನುಗ್ಗಿರ್ತಿದ್ದೆ. ಆಗ ಮೇಲಿನವ್ರು ಫೋನ್ ಮಾಡಿದ್ರು, ಹಂಗಾಯ್ತು ಹಿಂಗಾಯ್ತು ಅಂತ ನೀವು ತೆಗೆದಿರ್ತಿದ್ರಿ. ಎಲ್ಲಾ ಹೋಗ್ತಿತ್ತು. ನೀವು ಆಗಲ್ಲ ಅಂದ್ರೆ ಆಗಲ್ಲ ಅಂತ ನಂಗೆ ಗೊತ್ತು. ಅದಕ್ಕೇ ಬದುಕಿದೆ."

ಕೆಲಸಕ್ಕೆ ಸೇರಿದಂದಿನಿಂದ ಹನುಮೇಶನ ಗಡಿಯಾರವನ್ನು ಬೈದವರು ಬಹಳ ಜನ. ಹಿಟ್ಟಿನ ಗಿರಣಿಯವರು, ಮದುವೆ ಮನೆಯವರು, ಮ್ಯಾಚು ನೋಡುವವರು. ಅದನ್ನೇ ನಂಬಿ ಓಡಿ ದೀಪ ಮುಟ್ಟಿದವಳು ಇವಳೊಬ್ಬಳೇ. ಮಂಡಕ್ಕಿಯನ್ನು ಅವಳ ಕಡೆಗೆ ಇನ್ನಷ್ಟು ಸರಿಸಿದ.

"ಅಪ್ಪಯ್ಯ ಫೋನ್ ಮಾಡಿತ್ತು" ಎಂದಳು ಮಮತಾ. "ನೀರು ಚೆನ್ನಾಗಿ ಹರೀತೈತಂತೆ. ಕೋಟೇಲಿ ಏನವ್ವ ಕೆಲಸ ಅಂತು. ನಿನ್ ಅಳಿಯನ್ನೇ ಕೇಳು ಅಂದೆ."

"ನಾಳೆ ಬಂದ್ರೆ ತೋರಿಸಾಣ ಬಿಡು" ಎಂದ ಹನುಮೇಶ, ಟೀವಿ, ಮೆಷೀನು ಎರಡನ್ನೂ ಹಾಕಿ ಕಾರ್ಡಿನಿಂದ ಆಟ ತೆರೆಯುತ್ತ. ಪರದೆಯ ಮೇಲೆ ಗೂಡಿನ ದೀಪ ತಣ್ಣಗೆ ಉರಿಯುತ್ತಿತ್ತು. ವೀರ ಅದರ ಮುಂದೆ ಮೊಣಕಾಲೂರಿದ್ದ. "ನೀನೇ ಹೋಗು. ದಾರಿ ಮಾಡಿದೋಳು ನೀನು, ಅವನ್ನ ಹೊಡೆಯೋಳೂ ನೀನೇ ಆಗಬೇಕು."

"ನನ್ನ ಬೆರಳು ಹೋಗವೆ. ಮೊದ್ಲು ನೀವು ಹೋಗಿ ಅವನು ಹೆಂಗೆ ಹೊಡೀತಾನೆ ನೋಡ್ಕಂಬರ್ರಿ."

ಹನುಮೇಶ ಪಟ್ಟಾಗಿ ಕುಳಿತ. ಮೆಟ್ಟಿಲು ಹತ್ತಿದ, ಸೈನಿಕರನ್ನು ಒಬ್ಬೊಬ್ಬರನ್ನಾಗಿ ಉರುಳಿಸಿದ, ದೊಡ್ಡ ಬಾಗಿಲು ತೆರೆದ. ಒಳಗೆ ಕತ್ತಲಲ್ಲಿ ಕುಳಿತಿದ್ದ ರಕ್ಕಸ ಎದ್ದ. ಇಷ್ಟು ದೊಡ್ಡ ದೇಹಕ್ಕೆ ಇಷ್ಟು ಸಣ್ಣ ಕೋಣೆ ಕಟ್ಟಿದ ಕಂಪನಿಯವರಿಗೆ ಮನೆ ಕಟ್ಟಿದ ಅನುಭವವೇ ಇಲ್ಲ ಎಂದು ಹನುಮೇಶ ಹೇಳುತ್ತಿರುವಾಗಲೇ ಒಂದು ಏಟು ಬಿತ್ತು. ವೀರ ಅಂಗಾತನಾದ.

"ಅಷ್ಟೇನಾ?" ಎಂದಳು ಮಮತಾ.

"ಅದು ಹೆಂಗಂದ್ರೆ, ಈ ಗೇಮಿನವ್ರು ಏನ್ ಮಾಡ್ತಾರೆ ಅಂದ್ರೆ..."

"ಅವ್ರೇನೋ ಮಾಡ್ಲಿ, ನೀವು ಆಕಡೆ ಸರೀರಿ" ಎಂದು ಅವಳು ಎಣ್ಣೆಯ ಕೈಯನ್ನು ಅವನ ಟವೆಲ್ಲಿಗೆ ಒರೆಸಿಕೊಂಡು ಮುಂದೆ ಬಂದು ಕುಳಿತಳು.