ಹೆಣ್ಣುಮಕ್ಕಳ ಪರವಾಗಿ

ಮೈಕಿನ ಕಂಬಕ್ಕೆ ಸುತ್ತಿದ ಕಪ್ಪು ಟೇಪು ಬಿಚ್ಚಿಕೊಳ್ಳುತ್ತಿದೆ, ತುದಿ ಫ್ಯಾನಿನ ಗಾಳಿಗೆ ಪಟಪಟ ಅನ್ನುತ್ತಿದೆ, ಯಾರಾದರೂ ಒತ್ತಿ ಅಂಟಿಸಬಾರದೇ, ಭಾವ ಮಾತಾಡುತ್ತಲೇ ಇದ್ದಾರೆ, ಇಲ್ಲಿಂದ ನನಗೆ ಕಾಣುವುದು ಅವರ ಬೆನ್ನು ಮಾತ್ರ, ಬೆವರಿಗೆ ಅಂಟಿಕೊಂಡ ಅಂಗಿ, ಬೆಳಿಗ್ಗೆ ಅಕ್ಕ ಇಸ್ತ್ರಿ ಮಾಡಿಕೊಟ್ಟಿದ್ದು — ನಿನ್ನದೂ ಕೊಡೇ, ವೇದಿಕೆ ಮೇಲೆ ಕೂರೋಳು ಮುದುಡಿದ ಬಟ್ಟೇಲಿ ಹೋದ್ರೆ ನಮ್ಮನೆ ಮರ್ಯಾದೆ ಏನಾಗ್ಬೇಕು ಅಂದಳು, ನಮ್ಮನೆ, ಅವಳು ಯಾವಾಗಲೂ ನಮ್ಮನೆ ಅಂತಲೇ ಅನ್ನುವುದು, ನಾನು ಮಾತ್ರ ಮಗಳಿಗೆ ಲೈಟ್ ಆರಿಸು, ಜೋರಾಗಿ ನಗಬೇಡ, ದೊಡ್ಡಮ್ಮನ ಮನೆ ಇದು ಅಂತ ಗದರುತ್ತಿರುತ್ತೇನೆ. ಕಾರ್ಖಾನೆಯ ಸಂಘದ ಸಭೆ, ಸಭಾಂಗಣ ತುಂಬಿದೆ, ಮುಂದೆಲ್ಲ ಗಂಡಸರು, ಯಂತ್ರ ನಡೆಸುವವರು, ಫಿಟ್ಟರುಗಳು, ಲಾರಿಗೆ ಸರಕು ತುಂಬುವವರು, ಹಿಂದಿನ ಸಾಲುಗಳಲ್ಲಿ ಮಾತ್ರೆ ತುಂಬುವ ನಮ್ಮ ಬೆಲ್ಟಿನ ಹೆಂಗಸರು, ಕಂಬದ ಪಕ್ಕದಲ್ಲಿ ನನ್ನ ಗೆಳತಿ ಗುಬ್ಬಿ, ನನ್ನನ್ನೇ ನೋಡುತ್ತಿದ್ದಾಳೆ, ನೋಡಿ ನಗುತ್ತಿದ್ದಾಳೆ, ಹುಬ್ಬು ಹಾರಿಸುತ್ತಿದ್ದಾಳೆ, ಏನೇ ದೊಡ್ಡ ಮನುಷ್ಯಳಾಗಿಬಿಟ್ಟೆ ಅನ್ನುವ ಹಾಗೆ, ಅವಳಿಗಿನ್ನೂ ಗೊತ್ತಿಲ್ಲ, ಅವರಲ್ಲಿ ಯಾರಿಗೂ ಗೊತ್ತಿಲ್ಲ, ನನಗೂ ಈಗ ತಾನೇ, ವೇದಿಕೆಯ ಹಿಂದಿನ ಕೋಣೆಯಲ್ಲಿ, ಮುರಿದ ಕುರ್ಚಿಗಳ ನಡುವೆ ನಿಲ್ಲಿಸಿಕೊಂಡು ಭಾವ ಹೇಳಿದರು, ನೋಡಮ್ಮ, ಬದಲಿ ವಿಷಯ ಈ ಸಲ ಆಗ್ಲಿಲ್ಲ, ಅದನ್ನ ಬಿಟ್ರೇನೇ ಆಡಳಿತದೋರು ಒಪ್ಪಂದಕ್ಕೆ ಸಹಿ ಹಾಕೋದು ಅಂದ್ರು, ಬಿಟ್ಟೆವು. ಬಿಟ್ಟೆವು ಅಂದರು, ಬಸ್ಸಿನಲ್ಲಿ ಮರೆತುಬಂದ ಕೊಡೆಯ ಬಗ್ಗೆ ಹೇಳುವಂತೆ, ಆಮೇಲೆ ನನ್ನ ಮುಖ ನೋಡಲಿಲ್ಲ.

ಬದಲಿ, ಅದೊಂದೇ ನಾವು ಕೇಳಿದ್ದು, ಪ್ರತಿ ಬೆಲ್ಟಿಗೂ ಒಬ್ಬಳು ಹೆಚ್ಚಿನ ಹೆಂಗಸು, ಯಾರಾದರೂ ಮೂತ್ರಕ್ಕೆ ಹೋದರೆ ಅವಳ ಜಾಗದಲ್ಲಿ ನಿಲ್ಲುವವಳು, ಅಷ್ಟೆ, ಮಾತ್ರೆಗಳ ಪಟ್ಟಿಗಳು ಬೆಲ್ಟಿನ ಮೇಲೆ ಹರಿದು ಬರುತ್ತಲೇ ಇರುತ್ತವೆ, ಎತ್ತಬೇಕು, ಪೆಟ್ಟಿಗೆಗೆ ಹಾಕಬೇಕು, ಮುಚ್ಚಬೇಕು, ಒಬ್ಬಳು ಕದಲಿದರೆ ಪಕ್ಕದವಳ ಮುಂದೆ ರಾಶಿ ಬೀಳುತ್ತದೆ, ಬಿದ್ದ ಕೂಡಲೇ ಗಡಿಯಾರ ಬರುತ್ತಾನೆ, ನಮ್ಮ ಸೂಪರ್‌ವೈಸರ್, ಯಾವಾಗ ನೋಡಿದರೂ ಮಣಿಕಟ್ಟು ತಿರುಗಿಸಿ ಹೊತ್ತು ನೋಡುತ್ತಿರುತ್ತಾನೆಂದು ಗುಬ್ಬಿಯೇ ಇಟ್ಟ ಹೆಸರು, ಇವನನ್ನ ಗೋಡೆಗೆ ನೇತು ಹಾಕಿದ್ರೆ ಕಾರ್ಖಾನೆಗೆ ಒಂದು ಉಪಕಾರವಾದ್ರೂ ಆಗ್ತಿತ್ತು ಕಣೇ ಅನ್ನುತ್ತಾಳೆ, ತುಟಿ ಅಲ್ಲಾಡಿಸದೆ ನಗಿಸುವುದು ಅವಳಿಗೆ ಮಾತ್ರ ಬರುವ ವಿದ್ಯೆ. ಯಂತ್ರದ ಗಂಡಸರು ಗುಂಡಿ ಒತ್ತಿ ಹೊರಗೆ ಹೋಗಿ, ಸಿಗರೇಟು ಮುಗಿಸಿ ಶಿಳ್ಳೆ ಹಾಕುತ್ತಾ ಬರುತ್ತಾರೆ, ಅವರನ್ನು ಯಾರೂ ಕೇಳುವುದಿಲ್ಲ, ನಮ್ಮನ್ನು ಕೇಳುತ್ತಾನೆ, ಮತ್ತೆ ಹೋಗ್ಬೇಕಾ, ಮನೆಯಿಂದಾನೇ ಮುಗಿಸ್ಕೊಂಡು ಬರೋದಲ್ವಾ, ನಿನ್ನ ಜಾಗಕ್ಕೆ ಯಾರು, ನಾನು ನಿಲ್ಲಲಾ — ಅದಕ್ಕೇ ನಾವು ನೀರು ಕುಡಿಯುವುದನ್ನೇ ಬಿಟ್ಟೆವು, ಬೇಸಿಗೆಯಲ್ಲೂ, ಗಂಟಲು ಒಣಗಿ ಬೆಂಡಾದರೂ. ಅವತ್ತು ಗುಬ್ಬಿ ಕೇಳಿದಳು, ಇಲ್ಲ ಅಂದ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದಳು, ಕೇಳಿಸದವನ ಹಾಗೆ ಆ ಕಡೆ ಹೋದ, ನಾನು ಪಕ್ಕದಲ್ಲೇ ಇದ್ದೆ, ಅವಳ ಕೈ ಪಟ್ಟಿಗಳನ್ನು ಎತ್ತುತ್ತಲೇ ಇತ್ತು, ಕಣ್ಣು ಮಾತ್ರ ಎಲ್ಲೋ, ಆಮೇಲೆ ಅಯ್ಯೋ ಅಂತ ಬಹಳ ಮೆಲ್ಲಗೆ ಅಂದಳು, ನಾನು ಕೆಳಗೆ ನೋಡಿದೆ. ಯೋಚಿಸಲಿಲ್ಲ, ಹಿಂದೆ ಗೋಡೆಯ ಪಕ್ಕ ಇಟ್ಟಿದ್ದ ನೆಲ ಒರೆಸುವ ಬಕೆಟ್ಟಿಗೆ ಕಾಲಿನಿಂದ ಒದ್ದೆ, ನೀರೆಲ್ಲ ಚೆಲ್ಲಿಹೋಯಿತು, ನಮ್ಮಿಬ್ಬರ ಚಪ್ಪಲಿ, ಬಟ್ಟೆಯ ಅಂಚು, ಎದುರಿನವಳ ಪಾದ, ಎಲ್ಲವೂ ಒದ್ದೆ, ಯಾರ ಒದ್ದೆ ಯಾವುದೆಂದು ಯಾರಿಗೂ ತಿಳಿಯದಂತೆ, ಗಡಿಯಾರ ಓಡಿ ಬಂದ, ಕಣ್ಣು ಕಾಣಲ್ವಾ ನಿಂಗೆ, ಕತ್ತೆ ಥರ ಒದೀತೀಯಲ್ಲ, ತಪ್ಪಾಯ್ತು ಸಾರ್ ಅಂದೆ, ಬೆಲ್ಟಿನ ಉದ್ದಕ್ಕೂ ಹೆಂಗಸರು ಒಬ್ಬರಿಗೊಬ್ಬರು ಅಂಟಿಕೊಂಡು ನಿಂತರು, ಯಾರೂ ಕತ್ತೆತ್ತಲಿಲ್ಲ, ಎಲ್ಲರಿಗೂ ಗೊತ್ತಾಗಿತ್ತು. ಗುಬ್ಬಿ ಪಾಳಿ ಮುಗಿಯುವ ತನಕ ಅದೇ ಬಟ್ಟೆಯಲ್ಲಿ ನಿಂತಳು, ಗೇಟಿನ ಹತ್ತಿರ ನನ್ನ ತೋಳು ಹಿಡಿದು, ನಿಮ್ಮ ಭಾವನ ಸಂಘಕ್ಕೆ ಸೇರಿದ್ರೆ ಇದಕ್ಕೇನಾದ್ರೂ ಆಗುತ್ತಾ ಅಂತ ಕೇಳಿದಳು. ಆಗುತ್ತೆ ಅಂದೆ. ಅಂದದ್ದು ನಾನೇ, ಮನೆಮನೆಗೆ ಹೋಗಿ ಅಂದೆ, ಗಂಡಂದಿರ ಎದುರಿಗೆ, ಅತ್ತೆಯರ ಎದುರಿಗೆ, ಮಗುವಿಗೆ ಹಾಲೂಡುತ್ತಿದ್ದವಳ ಪಕ್ಕ ನೆಲದ ಮೇಲೆ ಕೂತು, ಸೇರ್ಕೊಳ್ಳೇ, ಆಗುತ್ತೆ, ನಮ್ಮ ಭಾವ ಇದ್ದಾರೆ, ಹೆಂಗಸರೆಲ್ಲ ಸೇರಿದ ಮೇಲೆಯೇ ಸಂಘಕ್ಕೆ ಬಲ ಬಂದದ್ದು, ಆಡಳಿತದವರು ಮಾತಿಗೆ ಕರೆದದ್ದು, ನನಗೆ ಈ ಕುರ್ಚಿ ಸಿಕ್ಕಿದ್ದು, ಸಮಿತಿಯಲ್ಲಿ ಒಬ್ಬಳಾದರೂ ಹೆಂಗಸು ಇರಲಿ ಅಂತ.

ಮುಂದಿನ ಸಾಲಿನಲ್ಲಿ ಕೆಲಸ ಕಳೆದುಕೊಂಡ ಫಿಟ್ಟರ್ ಒಬ್ಬ ಅಳುತ್ತಿದ್ದಾನೆ, ಅಷ್ಟು ದೊಡ್ಡ ಆಳು, ಕರವಸ್ತ್ರ ಇಲ್ಲದೆ ತೋಳಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದಾನೆ, ಹೋದ ಮುಷ್ಕರದಲ್ಲಿ ಕೆಲಸದಿಂದ ತೆಗೆದವರನ್ನೆಲ್ಲ ವಾಪಸ್ ತಗೊಳ್ತಾರೆ ಅಂತ ಭಾವ ಈಗ ಮೈಕಿನಲ್ಲಿ ಹೇಳಿದರು, ಎಲ್ಲರನ್ನೂ, ಒಬ್ಬರನ್ನೂ ಬಿಡದೆ, ಚಪ್ಪಾಳೆಗೆ ಮಾಡು ಹಾರಿಹೋಗುವಂತಿದೆ, ಅವನ ಹೆಂಡತಿ ಮನೆಗಳಲ್ಲಿ ಪಾತ್ರೆ ತೊಳೆಯಲು ಹೋಗುತ್ತಿದ್ದಳು, ನಾನು ನೋಡಿದ್ದೇನೆ, ಅವಳಿಗೆ ಇವತ್ತು ನಿದ್ದೆ ಬರುತ್ತದೆ, ಬರಲಿ, ಬರಬೇಕು — ಇದಕ್ಕೆ ನಾನು ಹೇಗೆ ಬೇಡ ಅನ್ನಲಿ, ಅದನ್ನೇ ಆ ಹಿಂದಿನ ಕೋಣೆಯಲ್ಲೂ ಸಂಘದ ಅಧ್ಯಕ್ಷರು ಕೇಳಿದ್ದು, ಟೀ ಹೀರುತ್ತಾ, ಹೊರಗಿರೋರ ಹೊಟ್ಟೆ ಮುಖ್ಯನೋ ನಿಮ್ಮ ಬಾತ್‌ರೂಮ್ ಮುಖ್ಯನೋ ನೀನೇ ಹೇಳಮ್ಮ, ಇದಕ್ಕೋಸ್ಕರ ಒಪ್ಪಂದ ಮುರೀತು ಅಂದ್ರೆ ಕೇಳಿದೋರು ನಗಲ್ವಾ, ಸಮಿತಿಯ ಉಳಿದವರು ಆಗಲೇ ನಕ್ಕರು, ಭಾವ ನಗಲಿಲ್ಲ. ನಾನು ಗಡಿಯಾರನ ಹೆಸರೆತ್ತಿದೆ, ಗುಬ್ಬಿಯ ವಿಷಯ ಹೇಳಬೇಕೆಂದು ಬಾಯಿ ತೆರೆದೆ, ಮುಚ್ಚಿದೆ, ಅಷ್ಟು ಗಂಡಸರ ನಡುವೆ ಅವಳ ಆ ಒದ್ದೆ ಬಟ್ಟೆಯನ್ನು ಹೇಗೆ ಹರವಲಿ, ಹೇಳದಿದ್ದರೆ ಅವರಿಗೆ ಅರ್ಥವಾಗುವುದಿಲ್ಲ, ಹೇಳಿದರೆ ಅವಳು ಉಳಿಯುವುದಿಲ್ಲ. ಮುಂದಿನ ಸಲ ಕೇಳೋಣ, ನಾನಿದ್ದೀನಲ್ಲ ಅಂದರು ಭಾವ, ನಿಜ, ಇದ್ದಾರೆ, ಅದೇ ಕಷ್ಟ, ಕೆಟ್ಟವರಾಗಿದ್ದರೆ ಎಷ್ಟು ಸುಲಭವಿತ್ತು, ಮುಷ್ಕರದಲ್ಲಿ ಪೊಲೀಸರ ಏಟು ತಿಂದವರು, ಇವತ್ತಿಗೂ ಎಡಗಾಲು ಎಳೆಯುತ್ತದೆ, ನನ್ನ ಗಂಡ ಹೋದ ಮೇಲೆ ನನ್ನನ್ನೂ ಮಗಳನ್ನೂ ಕರೆದುಕೊಂಡು ಬಂದು ಮಹಡಿಯ ಕೋಣೆ ಖಾಲಿ ಮಾಡಿಸಿಕೊಟ್ಟವರು, ಗೇಟಿನಲ್ಲಿ ನಿಂತು ಬೇಡಿ ಕೆಲಸ ಕೊಡಿಸಿದವರು, ಒಂದು ದಿನವೂ ಅದನ್ನು ಆಡಿ ತೋರಿಸಿದವರಲ್ಲ, ಆಡಿ ತೋರಿಸಿದ್ದರೆ ನಾನೂ ಏನಾದರೂ ಆಡುತ್ತಿದ್ದೆ, ಈಗ ಬಾಯಿಗೆ ಬಟ್ಟೆ ತುರುಕಿದ ಹಾಗೆ. ಎದ್ದು ಹೋಗಲೇ, ಮೆಟ್ಟಿಲು ಇರುವುದು ಆ ಬದಿಗೆ, ಅಧ್ಯಕ್ಷರ ಮೊಣಕಾಲು ದಾಟಿ, ಖಜಾಂಚಿಯ ಮೊಣಕಾಲು ದಾಟಿ, ಈ ಬದಿ ಗೋಡೆ, ಹೋದರೂ ಸಂಜೆ ಹೋಗುವುದು ಎಲ್ಲಿಗೆ, ಅದೇ ಮನೆಗೆ, ಅದೇ ಊಟದ ಮೇಜಿಗೆ, ಅಕ್ಕ ಬಡಿಸುತ್ತಾಳೆ, ಏನಾಯ್ತೇ, ಮುಖ ಯಾಕೆ ಹೀಗಿದೆ ಅನ್ನುತ್ತಾಳೆ, ಭಾವ ತಟ್ಟೆ ನೋಡುತ್ತಾರೆ, ಮಗಳು ನಮ್ಮಿಬ್ಬರನ್ನೂ ನೋಡುತ್ತಾಳೆ.

ಒಪ್ಪಿದೋರು ಕೈ ಎತ್ತಿ ಅನ್ನುತ್ತಿದ್ದಾರೆ, ಆಗಲೇ ಅಲ್ಲಿಗೆ ಬಂದುಬಿಟ್ಟಿತೇ, ಬದಲಿಯ ಮಾತನ್ನು ಹೇಳಿದರೇ, ಹೇಳಿದರು, ಕೊನೆಗೆ, ಗಂಟಲು ತಗ್ಗಿಸಿ, ಮಹಿಳೆಯರ ಬೇಡಿಕೆಯನ್ನ ಸದ್ಯಕ್ಕೆ ಮುಂದಕ್ಕೆ ಹಾಕಲಾಗಿದೆ, ಅಷ್ಟೆ, ಮುಂದಿನ ಸಾಲುಗಳಿಂದ ತೋಳುಗಳು ಮೇಲೇಳುತ್ತಿವೆ, ಹಿಂದೆ ಯಾರೂ ಎತ್ತುತ್ತಿಲ್ಲ, ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾರೆ, ಏನಂದ್ರು, ಮುಂದಕ್ಕೆ ಅಂದ್ರೆ, ಗುಬ್ಬಿಯ ನಗು ಇನ್ನೂ ಮುಖದ ಮೇಲೆಯೇ ಇದೆ, ಇಳಿಸಲು ಮರೆತಂತೆ, ಈಗ ನನ್ನನ್ನು ನೋಡುತ್ತಿದ್ದಾರೆ, ಎಲ್ಲರೂ, ನಾನು ಏಳುತ್ತಿದ್ದೇನೆ, ಏಳುತ್ತೇನೆ, ನಮಗೆ ಒಪ್ಪಿಗೆ ಇಲ್ಲ, ನಾಲ್ಕೇ ಮಾತು, ಗುಬ್ಬಿಯ ಹೆಸರು ಬೇಕಿಲ್ಲ, ಫಿಟ್ಟರಣ್ಣ ವಾಪಸ್ ಬರಲಿ, ನಮ್ಮದೂ ಇರಲಿ, ಇಷ್ಟು ಹೇಳಲು ಬರುವುದಿಲ್ಲವೇ ನನಗೆ, ಎದ್ದೆ, ಮೈಕಿನ ಕಡೆಗೆ ಹೆಜ್ಜೆ ಇಟ್ಟೆ, ಭಾವ ತಿರುಗಿದರು, ಮುಖ ಅರಳಿತು, ಬಾಮ್ಮ ಬಾ ಅಂತ ನನ್ನ ಮಣಿಕಟ್ಟು ಹಿಡಿದು ಮೇಲಕ್ಕೆತ್ತಿಬಿಟ್ಟರು, ಹೆಣ್ಣುಮಕ್ಕಳ ಪರವಾಗಿ ನಮ್ಮ ತಂಗಿ ಕೈ ಎತ್ತಿದ್ದಾಳೆ ಅಂತ ಮೈಕಿನಲ್ಲಿ ಕೂಗಿದರು, ಚಪ್ಪಾಳೆ, ಇಲ್ಲ, ಭಾವ, ಎಳೆದುಕೊಂಡೆ, ಬರಲಿಲ್ಲ, ಭಾವ ಕೈ ಬಿಡಿ ಅಂದೆ, ಮೈಕು ಹತ್ತಿರವಿತ್ತು, ಎಲ್ಲರಿಗೂ ಕೇಳಿಸಿತು, ಕೈ ಬಿಡಿ ಅಂತ ಇಡೀ ಸಭಾಂಗಣಕ್ಕೆ ಕೇಳಿಸಿತು, ಚಪ್ಪಾಳೆ ನಿಂತಿತು, ಈಗ, ಈಗ ಹೇಳು — ಭಾವ ನಕ್ಕರು, ನಿನ್ನ ಕೈ ಬಿಡ್ತೀನೇನಮ್ಮ ನಾನು, ಯಾವತ್ತಾದ್ರೂ ಬಿಟ್ಟಿದ್ದೀನಾ, ಮೈಕಿನಲ್ಲೇ, ಪ್ರೀತಿಯಿಂದ, ನಿಜವಾಗಿ ಪ್ರೀತಿಯಿಂದಲೇ, ಸಭೆಯೆಲ್ಲ ಗೊಳ್ಳೆಂದಿತು, ಮತ್ತೆ ಚಪ್ಪಾಳೆ, ಫಿಟ್ಟರ್ ಎದ್ದು ನಿಂತು ತಟ್ಟುತ್ತಿದ್ದಾನೆ, ಒಂದ್ನಿಮಿಷ ತಾಳು, ಫೋಟೋ ಅನ್ನುತ್ತಿದ್ದಾರೆ ಭಾವ ತುಟಿಯ ಅಂಚಿನಲ್ಲಿ, ಹಿಡಿತ ಸಡಿಲವಾಗುತ್ತಿಲ್ಲ, ಹಿಂದೆ ಹೆಂಗಸರು ಎದ್ದರು, ಕುರ್ಚಿಗಳು ಕಿರ್ರೆಂದವು, ಮಾತಿಲ್ಲದೆ ಬಾಗಿಲ ಕಡೆಗೆ, ಒಬ್ಬಳ ಹಿಂದೆ ಒಬ್ಬಳು, ಗುಬ್ಬೀ, ನಾನೆತ್ತಿಲ್ಲ ಕಣೇ, ಕೂಗಿದೆ, ಚಪ್ಪಾಳೆಯಲ್ಲಿ ನನಗೇ ಕೇಳಿಸಲಿಲ್ಲ, ಅವಳು ಬಾಗಿಲಲ್ಲಿ ನಿಂತು ತಿರುಗಿದಳು, ನನ್ನ ಮುಖ ನೋಡುತ್ತಾಳೆ ಅಂದುಕೊಂಡೆ, ನೋಡು ಗುಬ್ಬಿ, ಮುಖ ನೋಡು, ನೋಡಲಿಲ್ಲ, ಅವಳ ಕಣ್ಣು ಇನ್ನೂ ಮೇಲೆ, ನನ್ನ ತಲೆಯ ಮೇಲೆ, ನಾನೂ ನೋಡಿದೆ, ಬಟ್ಟೆಯ ತೋಳು ಜಾರಿ ಮೊಣಕೈಗೆ ಬಂದಿದೆ, ಭಾವನ ಬೆರಳುಗಳ ನಡುವೆ ಚರ್ಮ ಬಿಳಚಿಕೊಂಡಿದೆ, ಕೈ, ಮೇಲೆ, ಕ್ಯಾಮೆರಾ ಮಿಂಚಿತು, ಬಾಗಿಲಲ್ಲಿ ಯಾರೂ ಇಲ್ಲ, ಕೈ, ಎಲ್ಲರಿಗೂ ಕಾಣುವ ಹಾಗೆ, ನನ್ನ ಕೈ, ಮೇಲೆ, ಕೈ —