ಕಾರ್ಟಿಸಾಲ್ ಒಂದು, ಕಾರ್ಟಿಸಾಲ್ ಎರಡು

ಲ್ಯಾಬಿನಲ್ಲಿ ಅವಳನ್ನು ಎಲ್ಲರೂ ಕೋಡಮ್ಮ ಎಂದೇ ಕರೆಯುತ್ತಿದ್ದರು. ಕೆಲಸವೇ ಅಂಥದ್ದು. ಆಸ್ಪತ್ರೆಗೆ ಸೇರಿದ ಒಂದೊಂದು ಲ್ಯಾಬೂ ಒಂದೇ ರಕ್ತಪರೀಕ್ಷೆಗೆ ಒಂದೊಂದು ಹೆಸರಿಡುತ್ತಿತ್ತು. ಅವನ್ನೆಲ್ಲ ಯಾವ ಕಂಪ್ಯೂಟರಿಗೂ ಅರ್ಥವಾಗುವ ಒಂದೇ ಕೋಡಿಗೆ ಜೋಡಿಸುವುದು ಅವಳ ಪಾಲಿನದು. ಕಾರ್ಟಿಸಾಲ್ ಎಂಬ ಹಾರ್ಮೋನಿಗಂತೂ ಎರಡು ಕೋಡು, ಬೆಳಗಿನ ರಕ್ತಕ್ಕೊಂದು, ಸಂಜೆಯ ರಕ್ತಕ್ಕೊಂದು. ಅದು ಬೆಳಿಗ್ಗೆ ಏರಿ ಸಂಜೆಗೆ ಇಳಿಯುತ್ತದೆ. ಸಂಜೆಯ ರಕ್ತದಲ್ಲಿ ಅದರ ಮಟ್ಟ ನಾಲ್ಕಿದ್ದರೆ ಚಿಂತೆಯಿಲ್ಲ. ಬೆಳಗಿನ ರಕ್ತದಲ್ಲಿ ನಾಲ್ಕಿದ್ದರೆ ಜೀವಕ್ಕೇ ಕುತ್ತು.

ಹೊಸದಾಗಿ ಸೇರಿದ ಲ್ಯಾಬಿನವರು 'ಕಾರ್ಟಿಸಾಲ್ ಒಂದು', 'ಕಾರ್ಟಿಸಾಲ್ ಎರಡು' ಎಂದು ಬರೆದು ಕಳಿಸಿದ್ದರು. ಒಂದು ಎಂದರೆ ಬೆಳಗಿನದು, ಎರಡು ಎಂದರೆ ಸಂಜೆಯದು ಇರಬೇಕು. ಇದರಲ್ಲಿ ಕೇಳುವುದೇನಿದೆ ಎಂದುಕೊಂಡು ಅವಳು ಕೋಡು ಕೊಟ್ಟು ಕೈತೊಳೆದುಕೊಂಡಿದ್ದಳು.

ಆ ಲ್ಯಾಬಿನ ಮೀಸೆ ಟೆಕ್ನಿಷಿಯನ್ ಈ ದಿನ ಸ್ಯಾಂಪಲ್ ಪೆಟ್ಟಿಗೆ ತಂದಿಟ್ಟು, ಚಹಾ ಕುಡಿಯುತ್ತಾ ಗೊಣಗಿದ: "ನಮ್ಮಲ್ಲಿ ದಿನ ಶುರುವಾಗೋದೇ ಸಂಜೆ ಪಾಳಿಯಿಂದ ಕಣ್ರೀ. ಒಂದನೇ ಸ್ಯಾಂಪಲ್ ಸಂಜೇದು, ಎರಡನೇದು ಮಾರನೇ ಬೆಳಿಗ್ಗೇದು. ನಿದ್ದೆಗೆ ಬೆಂಕಿ ಬಿತ್ತು."

ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ! ಬೇರೆ ದಿನವಾಗಿದ್ದರೆ ನಗುತ್ತಿದ್ದಳೇನೋ. ಈಗ ಅಕ್ಕನ ರಿಪೋರ್ಟು ನೆನಪಾಯಿತು. ಅವಳ ಅಕ್ಕ ಅದೇ ಲ್ಯಾಬಿನಲ್ಲಿ ಮೊನ್ನೆ ಬೆಳಿಗ್ಗೆ ರಕ್ತ ಕೊಟ್ಟಿದ್ದಳು. ಬಂದದ್ದು ನಾಲ್ಕು. ಕಂಪ್ಯೂಟರ್ ಅದನ್ನು ಸಂಜೆಯದೆಂದು ಬಗೆದು 'ನಾರ್ಮಲ್' ಎಂದಿತ್ತು. "ಹೆದರ್ಬೇಡ್ವೇ, ಎಲ್ಲಾ ಸರಿಯಾಗಿದೆ" ಎಂದು, ಆ ಒಂದು ಪದವನ್ನೇ ನಂಬಿ ಅಕ್ಕನಿಗೆ ಹೇಳಿದ್ದವಳೂ ಇವಳೇ. ಈ ದಿನ ಇದೇ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ಅಕ್ಕನ ಪಿತ್ತಕೋಶದ ಕಲ್ಲಿಗೆ ಆಪರೇಷನ್. ಆ ಹಾರ್ಮೋನಿಲ್ಲದ ಮೈಗೆ ಅರಿವಳಿಕೆ ಕೊಟ್ಟು ಕೊಯ್ದರೆ ರಕ್ತದೊತ್ತಡ ಕುಸಿದು ಮೇಲೇಳದೆ ಹೋಗಬಹುದು.

ಅಕ್ಕನ ಫೋನು ಸ್ವಿಚ್ ಆಫ್ ಆಗಿತ್ತು. ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿ ಓಡಿದಳು. ಆಪರೇಷನ್ ಕೋಣೆಯ ಬಾಗಿಲಲ್ಲಿ ತಡೆದ ನರ್ಸಿನ ಕೈ ಹಿಡಿದುಕೊಂಡು ಕೂಗಿದಳು: "ಅರಿವಳಿಕೆ ಕೊಡ್ಬೇಡಿ! ರಿಪೋರ್ಟ್ ತಪ್ಪು, ಅಕ್ಕನ ಕಾರ್ಟಿಸಾಲ್ ನಾಲ್ಕು ಬಂದಿದ್ದು ಬೆಳಗಿನ ರಕ್ತದಲ್ಲಿ, ನಾನೇ ತಪ್ಪು ಮಾಡಿದ್ದು!"

ಕೈಯಲ್ಲಿ ಸಿರಿಂಜ್ ಹಿಡಿದೇ ಅರಿವಳಿಕೆ ಡಾಕ್ಟರ್ ಹೊರಗೆ ಬಂದರು. "ಬೆಳಗಿನ ರಕ್ತದಲ್ಲಿ ನಾಲ್ಕಾ?" ಎಂದು ಇನ್ನೊಮ್ಮೆ ಕೇಳಿ, ಒಳಗೆ ತಿರುಗಿ, "ನಿಲ್ಲಿಸಿ" ಎಂದರು.

ಅಕ್ಕನನ್ನು ಮಲಗಿಸಿದ್ದ ಸ್ಟ್ರೆಚರ್ ಹೊರಗೆ ಬಂತು. ಇವಳು ಅದರ ಕಂಬಿ ಹಿಡಿದು ಅಳುತ್ತಾ ನಿಂತಳು. ಅಕ್ಕ ಅವಳ ತಲೆ ಸವರಿದಳು.

"ಹೋಗ್ಲಿ ಬಿಡೇ, ನಾನು ಬದುಕಿದೀನಲ್ಲ. ಅಲ್ಲಾ, ರಿಪೋರ್ಟ್ ತಪ್ಪಾಗಿದ್ದು ನನ್ನೊಬ್ಬಳದ್ದೇನಾ?"

ಆ ಮಾತು ಕೇಳುವವರೆಗೆ ಅವಳಿಗೆ ಬೇರೆ ಯಾರ ನೆನಪೂ ಬಂದಿರಲಿಲ್ಲ. ಅಳು ಅಲ್ಲೇ ನಿಂತಿತು.

ಕೆಳಗಿಳಿದು ಕೋಡು ತಿದ್ದಿದಳು. ಪರದೆಯ ಮೇಲೆ ಹಸಿರಾಗಿದ್ದ ಹೆಸರುಗಳು ಒಂದರ ಹಿಂದೊಂದು ಕೆಂಪಾದವು. ಮೀಸೆಯವನು ಬಾಯಿಬಿಟ್ಟು ನೋಡುತ್ತಿದ್ದ. ಎಲ್ಲರಿಗಿಂತ ಕಡಿಮೆ ಕಾರ್ಟಿಸಾಲ್ ಬಂದಿದ್ದ ಹೆಂಗಸಿನ ಮನೆಗೆ ಮೊದಲು ಫೋನು ಹಚ್ಚಿದಳು. ಗಂಡ ಎತ್ತಿದ.

"ಅವಳಾ? ಮಲಗಿದಾಳೆ. ನಿನ್ನೆಯಿಂದ ವಾಂತಿ, ಸುಸ್ತು ಅಂತಾಳೆ. ನಾನೇ ಬೈದೆ, ರಿಪೋರ್ಟ್ ನಾರ್ಮಲ್ ಬಂದಿದೆ, ನಾಟಕ ಮಾಡ್ಬೇಡ ಅಂತ."

"ಎಬ್ಬಿಸಿ. ಈಗ್ಲೇ ಎಬ್ಬಿಸಿ, ಆಸ್ಪತ್ರೆಗೆ ಕರ್ಕೊಂಡು ಬನ್ನಿ!"

ಅವನು ಫೋನು ಪಕ್ಕಕ್ಕಿಟ್ಟ. ಹೆಂಡತಿಯನ್ನು ಕರೆಯುವುದು ಕೇಳಿಸಿತು. ಇನ್ನೊಮ್ಮೆ ಕರೆದ. ಆಮೇಲೆ ಕಿರುಚಿ ಕರೆದ.